ಭಾನುವಾರದ ಓದು: ಜೇನಿಯ ಕಥೆ

ಎಲ್ಲರಿಗೂ ನಮಸ್ಕಾರ. ಈ ಸಲ ಅಮೆರಿಕದ ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರ 1937ರ ಕಾದಂಬರಿ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಓದಿಕೊಂಡು ಬನ್ನಿ. ನಾಯಕಿ ಜೇನಿಯ ಮೂರು ಮದುವೆಯ ಕಥೆ ಅಂತ ಸುಮ್ನೆ ತಳ್ಳಿಹಾಕಬೇಡಿ.

ಅಂಗಡಿಯಲ್ಲಿ ಜೇನಿಯ ಕೂದಲು ಯಾರ ಕಣ್ಣಿಗೂ ಬೀಳಬಾರದೆಂದು ಎರಡನೇ ಗಂಡ ಜೋ ಅವಳ ತಲೆಗೆ ಬಟ್ಟೆ ಕಟ್ಟಿಸುತ್ತಾನೆ. ಅವನು ಸತ್ತ ಕೂಡಲೇ ಅವಳು ಕನ್ನಡಿ ಮುಂದೆ ನಿಂತು ಅದನ್ನು ಕಿತ್ತು, ಕೂದಲು ಇಳಿಬಿಟ್ಟು ನೋಡಿಕೊಳ್ಳುತ್ತಾಳೆ. ಮತ್ತೆ ಕಟ್ಟಿಕೊಂಡ ಮೇಲೆಯೇ ಊರಿಗೆ ಸಾವಿನ ಸುದ್ದಿ! ಆ ಪುಟವನ್ನು ನಿಧಾನವಾಗಿ ಓದಿ.

ಈ ಕಾದಂಬರಿಯಲ್ಲಿ ಹೇಳುವಂಥದ್ದು ಏನೂ ಇಲ್ಲ ಅಂತ ಲೇಖಕ ರಿಚರ್ಡ್ ರೈಟ್ ಆಗಲೇ ಬರೆದಿದ್ದರು. ನನಗದು ಅನ್ಯಾಯ ಅನ್ನಿಸುತ್ತದೆ. ಆದರೆ ಮೂರನೇ ಗಂಡ ಟೀ ಕೇಕ್ ಜೇನಿಗೆ ಹೊಡೆಯುವುದನ್ನು ಕಾದಂಬರಿ ತೀರಾ ಹಗುರವಾಗಿ ದಾಟಿಬಿಡುತ್ತದೆ, ಅಲ್ವಾ? ನನ್ನ ದೊಡ್ಡ ತಕರಾರು ಅದೇ. ನಿಮ್ಮ ಅಭಿಪ್ರಾಯ ಶನಿವಾರದೊಳಗೆ ಇಲ್ಲೇ ಹಾಕಿ.