ಆರು ಚಿತ್ರಗಳಿಗೂ ಮೂರೇ ನಕ್ಷತ್ರವೇ?

ಮಾನ್ಯ ಸಂಪಾದಕರಿಗೆ,

ಹಳೆಯ ಹಾಗೂ ಹೊಸ ಕನ್ನಡ ಚಿತ್ರಗಳನ್ನು ಮತ್ತೊಮ್ಮೆ ನೋಡಿ ವಿಮರ್ಶಿಸುವ ಅಂಕಣವೊಂದು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆರು ವಾರಗಳಿಂದ ಪ್ರಕಟವಾಗುತ್ತಿದ್ದು, ಅದನ್ನು ನಾನು ಒಂದು ವಾರವೂ ತಪ್ಪಿಸದೆ ಓದಿದ್ದೇನೆ. ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ 34 ವರ್ಷ ರೈಟರ್ (ಲೆಕ್ಕಪತ್ರ ಬರೆಯುವವ) ಆಗಿದ್ದು ಈಗ ನಿವೃತ್ತನಾಗಿರುವ ನನಗೆ ಸಿನಿಮಾದ ಶಾಸ್ತ್ರ ತಿಳಿಯದು. ಆಳುಗಳ ಬಟವಾಡೆ ಮುಗಿದ ಸಂಜೆ ಪೇಟೆಗೆ ಇಳಿದು ಚಿತ್ರ ನೋಡಿಕೊಂಡು ಬರುವ ಅಭ್ಯಾಸವಷ್ಟೇ ನನ್ನ ಅರ್ಹತೆ.

ಅಂಕಣಕಾರರು ಯಾವ ಚಿತ್ರವನ್ನೂ ತಲೆಯ ಮೇಲೆ ಹೊತ್ತು ಮೆರೆಸಿಲ್ಲ, ಯಾವುದನ್ನೂ ಪೂರ್ತಿ ತಳ್ಳಿಹಾಕಿಲ್ಲ. ಹಿಡಿಸಿದ್ದನ್ನು ಒಂದು ಕಡೆ, ಹಿಡಿಸದ್ದನ್ನು ಇನ್ನೊಂದು ಕಡೆ ಬಿಡಿಸಿಟ್ಟು ಬರೆಯುವ ಅವರ ಈ ಕ್ರಮವೇ ನನ್ನನ್ನು ಪ್ರತಿ ಭಾನುವಾರ ಆ ಪುಟಕ್ಕೆ ಎಳೆದಿದೆ. ಆದರೆ ಅಷ್ಟು ಎಚ್ಚರದಿಂದ ಬರೆದ ಲೇಖನದ ಬುಡದಲ್ಲಿ ವಾರವಾರವೂ ಮೂರು ನಕ್ಷತ್ರಗಳನ್ನು ಮುದ್ರಿಸಲಾಗಿದೆ. ಆರು ಚಿತ್ರಗಳಿಗೂ ಮೂರೇ. ಅಗ್ಗದ ರೊಬಸ್ಟಾ ಚೆರ್ರಿ ಕಾಫಿಯ ಮೂಟೆಯೂ ಬೆಲೆಬಾಳುವ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿಯ ಮೂಟೆಯೂ ತಕ್ಕಡಿಯ ಮೇಲೆ 50 ಕೆ.ಜಿ. ತೂಗಿದವೆಂದು ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆದಿಟ್ಟಿದ್ದರೆ ನಮ್ಮ ಧಣಿಗಳು ಮಾರನೆಯ ದಿನವೇ ನನ್ನನ್ನು ಕೆಲಸದಿಂದ ಬಿಡಿಸುತ್ತಿದ್ದರು.

ನಕ್ಷತ್ರಗಳ ಮಾತು ಹಾಗಿರಲಿ. ಅವು ಬಹುಶಃ ಪುಟ ವಿನ್ಯಾಸ ಮಾಡುವವರ ಒತ್ತಾಯವಿರಬಹುದು. ನನ್ನ ಮುಖ್ಯ ತಕರಾರು ಅಳತೆಗೋಲಿನದು. ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ (1986) ಕುರಿತು ಬರೆಯುವಾಗ ಚಾರುಹಾಸನ್ ಅವರ ಅಭಿನಯವನ್ನು ಮನಸಾರೆ ಹೊಗಳಿದ ಅಂಕಣಕಾರರು, ಚಿತ್ರವು ‘ಅತಿ ನಿಧಾನ’ವೆಂದೂ ಕಚೇರಿಯ ದೃಶ್ಯಗಳು ಮತ್ತೆ ಮತ್ತೆ ಬಂದು ಬೇಸರ ತರಿಸುತ್ತವೆಂದೂ ಆಕ್ಷೇಪಿಸಿದ್ದಾರೆ. ಆ ವರ್ಷದ ಶ್ರೇಷ್ಠ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನೂ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನೂ ತಂದುಕೊಟ್ಟ ಚಿತ್ರವೆಂಬ ಕಾರಣಕ್ಕೆ ಯಾರೂ ಅದನ್ನು ಟೀಕಿಸಬಾರದೆಂದು ನಾನು ಹೇಳುತ್ತಿಲ್ಲ. ಆದರೆ ನಿವೃತ್ತನಾದ ಬಡ ನೌಕರನೊಬ್ಬ ತನ್ನದೇ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುವ, ಅಷ್ಟರಲ್ಲಿ ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಾ ಹೋಗುವ, ಹಣ ಕೈಸೇರುವ ಹೊತ್ತಿಗೆ ಅವಳೇ ಇಲ್ಲವಾಗುವ ಕಥೆಯಲ್ಲಿ ನಿಧಾನವನ್ನು ಕಳೆದರೆ ಉಳಿಯುವುದೇನು? ನನ್ನ ಭವಿಷ್ಯನಿಧಿಯ ಹಣಕ್ಕಾಗಿ ನಾನೂ 11 ತಿಂಗಳು ಒಂದು ಕಚೇರಿಯ ಬೆಂಚಿನ ಮೇಲೆ ಕುಳಿತವನು. ಕಚೇರಿಯ ಹೆಸರು ಇಲ್ಲಿ ಬೇಡ. ಅಲ್ಲಿನ ಗುಮಾಸ್ತರು ಕೆಟ್ಟವರೇನಲ್ಲ. ‘ಮುಂದಿನ ವಾರ ಬನ್ನಿ’ ಎನ್ನುವಾಗ ಅವರ ದನಿಯಲ್ಲಿ ಕನಿಕರವೂ ಇರುತ್ತಿತ್ತು. ಆ ಕನಿಕರದ ದನಿಯನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳಬೇಕಾದ ಶಿಕ್ಷೆಯನ್ನು ಪ್ರೇಕ್ಷಕನಿಗೆ ಮುಟ್ಟಿಸಲು ಆ ದೃಶ್ಯಗಳು ಮತ್ತೆ ಮತ್ತೆ ಬರಲೇಬೇಕು. ಪತ್ತೇದಾರಿ ಚಿತ್ರಕ್ಕೆ ಹಿಡಿಯುವ ಗಡಿಯಾರವನ್ನು ತಬರನಿಗೂ ಹಿಡಿದದ್ದು ಸರಿಯಲ್ಲ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ‘ಭೂತಯ್ಯನ ಮಗ ಅಯ್ಯು’ (1974) ಮತ್ತು ‘ಡೇರ್‌ಡೆವಿಲ್ ಮುಸ್ತಫಾ’ (2023) ಚಿತ್ರಗಳ ಬಗ್ಗೆ ಅವರು ಎರಡು ವಾರಗಳ ಅಂತರದಲ್ಲಿ ಬರೆದ ಮಾತುಗಳು. ಮೊದಲನೆಯದರ ಕೊನೆಯಲ್ಲಿ ನೆರೆ ಬಂದು ಹಗೆ ತೊಳೆದುಹೋಗುವುದು ಅವರಿಗೆ ‘ಹೃದಯಸ್ಪರ್ಶಿ’. ಎರಡನೆಯದರಲ್ಲಿ ಕ್ರಿಕೆಟ್ ಪಂದ್ಯವೊಂದರ ಗದ್ದಲದಲ್ಲಿ ಹಿಂದೂ, ಮುಸ್ಲಿಂ ಹುಡುಗರ ನಡುವಿನ ಅನುಮಾನ ಕರಗುವುದು ‘ಅತಿ ಸರಳ ಪರಿಹಾರ’. ಎರಡೂ ಕಡೆ ನಡೆಯುವುದು ಒಂದೇ: ಮನುಷ್ಯರು ಮಾತಿನಿಂದ ಬಿಡಿಸಿಕೊಳ್ಳಲಾಗದ ಗಂಟನ್ನು ಹೊರಗಿನಿಂದ ಬಂದ ಒಂದು ಘಟನೆ ಬಿಡಿಸುತ್ತದೆ. ಅದು ಒಂದು ಕಡೆ ದೋಷವಾದರೆ ಇನ್ನೊಂದು ಕಡೆಯೂ ದೋಷವೇ. ಅಥವಾ ಹಳೆಯ ಚಿತ್ರವೆಂಬ ಕಾರಣಕ್ಕೆ ರಿಯಾಯಿತಿ ಕೊಟ್ಟಿದ್ದರೆ ಹಾಗೆಂದು ಬರೆಯಬೇಕಿತ್ತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಅವರ ಓದುಗರೇ ಕೈಯಿಂದ ಹಣ ಹಾಕಿ ನಿರ್ಮಿಸಿದ ‘ಮುಸ್ತಫಾ’ದಲ್ಲಿ ಹುಡುಗಾಟಿಕೆ ಕೆಲವು ಕಡೆ ಮಿತಿಮೀರಿದೆ ಎಂಬ ಅವರ ಮಾತನ್ನು ಮಾತ್ರ ನಾನು ಒಪ್ಪುತ್ತೇನೆ.

‘ಭೂತಯ್ಯನ ಮಗ ಅಯ್ಯು’ ಬಗ್ಗೆ ಇನ್ನೊಂದು ಮಾತಿದೆ. ನಿರ್ದೇಶಕ ಸಿದ್ದಲಿಂಗಯ್ಯನವರನ್ನು, ಲೋಕೇಶ್ ಮತ್ತು ವಿಷ್ಣುವರ್ಧನ್ ಅವರನ್ನು, ಅಷ್ಟೇಕೆ, ಲೋಕನಾಥ್ ಅವರ ಉಪ್ಪಿನಕಾಯಿಯ ಪ್ರಸಂಗವನ್ನೂ ಮರೆಯದೆ ನೆನೆದ ಆ ಲೇಖನದಲ್ಲಿ ಮೂಲ ಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರರದೆಂಬ ಒಂದು ಸಾಲಿಲ್ಲ. ಅವರಂತೆ ನಾನೂ ಹಾಸನ ಜಿಲ್ಲೆಯವನೆಂಬ ಅಭಿಮಾನದಿಂದ ಹೀಗೆ ಹೇಳುತ್ತಿದ್ದೇನೆಂದು ಯಾರಾದರೂ ನಕ್ಕರೆ ನಗಲಿ. ವ್ಯಾಜ್ಯ, ಸಾಲ, ಹಟಗಳನ್ನು ಹೇಳುತ್ತಲೇ ಹಳ್ಳಿಯವರನ್ನು ನಗಿಸುವ ಆ ಚಿತ್ರದ ಗುಣವನ್ನು ಅಂಕಣಕಾರರು ‘ನಿರ್ದೇಶಕರ ಅಚ್ಚರಿಯ ಸಮತೋಲನ’ ಎಂದು ಕರೆದಿದ್ದಾರೆ. ಗೊರೂರರ ಪ್ರಬಂಧಗಳನ್ನು ಓದಿದವರಿಗೆ ಅದರಲ್ಲಿ ಅಚ್ಚರಿಯೇನೂ ಕಾಣದು.

‘ಮುಂಗಾರು ಮಳೆ’ (2006) ವಿಷಯದಲ್ಲಿ, ನನ್ನ ಮಗಳ ಅಸಮಾಧಾನವನ್ನು ಲೆಕ್ಕಿಸದೆ, ನಾನು ಅಂಕಣಕಾರರ ಪಕ್ಷ. ಮಾತಿನಲ್ಲಿ ಹೊಸತನವಿದೆ, ಜಯಂತ ಕಾಯ್ಕಿಣಿಯವರ ಸಾಲುಗಳು ಉಳಿಯುವಂಥವು, ಆದರೆ ಮಲೆನಾಡು ಅಲ್ಲಿ ಬರೀ ಹಿನ್ನೆಲೆಯ ಪರದೆ ಎಂದಿರುವುದು ನ್ಯಾಯವಾದ ಮಾತು. ಕಥೆ ನಡೆಯುವುದು ಮಡಿಕೇರಿಯಲ್ಲಾದರೂ ನಮ್ಮ ಸಕಲೇಶಪುರದ ಸುತ್ತಲೂ ಅದರ ಚಿತ್ರೀಕರಣ ನಡೆದಿತ್ತು; ಆದ್ದರಿಂದ ಅವರು ‘ಕೊಡಗಿನ ಮಳೆ’ ಎಂದು ಬರೆದದ್ದರಲ್ಲಿ ನಮ್ಮ ಪಾಲೂ ಇದೆ. ಅಷ್ಟೊಂದು ಮಳೆಯಲ್ಲಿ ಓಡಾಡಿದ ನಾಯಕನ ಕಾಲಿಗೆ ಒಂದು ಇಂಬಳವಾದರೂ (ಜಿಗಣೆ) ಹತ್ತಿದ್ದು ನನಗೆ ನೆನಪಿಲ್ಲ. ‘ಕೆಜಿಎಫ್’ನಲ್ಲಿ ಕುಶಲತೆ ಕಂಡಿತು, ಮನುಷ್ಯರು ಕಾಣಲಿಲ್ಲ ಎಂದದ್ದಕ್ಕೂ ನನ್ನ ತಕರಾರಿಲ್ಲ.

ಕೊನೆಯದಾಗಿ ‘ಹಸೀನಾ’ (2004). ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿದ ಈ ಚಿತ್ರವನ್ನು, ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಬಳಿಕ ಮತ್ತೆ ನೋಡಬೇಕೆಂದು ಆರಿಸಿಕೊಂಡದ್ದು ಮೆಚ್ಚತಕ್ಕ ವಿಚಾರ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರವನ್ನು ಕುರಿತು ಅಂಕಣಕಾರರು ಬರೆದಿರುವ ಎರಡು ಪ್ಯಾರಾಗಳು ಇಡೀ ಸರಣಿಯಲ್ಲೇ ಉತ್ತಮವಾದವು. ಆದರೆ ಗಂಡ ಬಿಟ್ಟುಹೋದ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯಕ್ಕಾಗಿ ಮಸೀದಿಯ ಮುಂದೆ ಕೂರುವುದನ್ನು ಅವರು ‘ಘೋಷಣೆಯ ಧಾಟಿ’ ಎಂದು ಕರೆದಿದ್ದಾರೆ. ಚಿತ್ರವನ್ನು ಮೊದಲು ನೋಡಿದಾಗ ನನಗೂ ಹಾಗೆಯೇ ಅನಿಸಿತ್ತು. ನಂತರ ಕಥೆಯನ್ನು ಓದಿದೆ. ಹೋಗಬೇಕಾದ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಆಕೆಗೆ ಕೂರಲು ಬೇರೆ ಜಾಗವೇ ಉಳಿದಿರಲಿಲ್ಲ ಎಂಬುದು ಆಗ ಹೊಳೆಯಿತು. ಚಿತ್ರ ಅದನ್ನು ಸಾಕಷ್ಟು ಕಾಣಿಸಿದೆಯೇ ಎಂಬ ಅನುಮಾನ ನನಗೆ ಈಗಲೂ ಇದೆ. ಕಥೆಯನ್ನು ಬದಿಗಿಟ್ಟುಕೊಂಡು ಅಂಕಣಕಾರರು ಈ ಪ್ರಶ್ನೆಯನ್ನು ಎತ್ತಿದ್ದರೆ ಅವರ ಆಕ್ಷೇಪಕ್ಕೆ ಇನ್ನಷ್ಟು ಬಲ ಬರುತ್ತಿತ್ತು.

ಅಂಕಣವನ್ನು ದಯವಿಟ್ಟು ನಿಲ್ಲಿಸಬೇಡಿ. ನಕ್ಷತ್ರಗಳನ್ನು ತೆಗೆದು, ಆ ಜಾಗದಲ್ಲಿ ಮೂಲ ಕಥೆಗಾರರ ಹೆಸರನ್ನು ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ. ಅಷ್ಟು ಜಾಗ ಅಲ್ಲಿದೆ.

ಇತಿ ತಮ್ಮ ಓದುಗ,
ನಿವೃತ್ತ ತೋಟದ ರೈಟರ್,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ