ಆಣೆ ಲೆಕ್ಕದ ಕಾಲದ ನಮ್ಮ ಸಭೆಗೆ ಒಂದು ಸೂರು ಬೇಕಾಗಿದೆ

ಪ್ರೀತಿಯ ಬಂಧುಗಳೇ,

ಕರ್ತನ ಹೆಸರಿನಲ್ಲಿ ನಿಮಗೆಲ್ಲ ವಂದನೆಗಳು.

ನಾನು ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಕ್ರೈಸ್ತ ಸಭೆಯಲ್ಲಿ ಲೆಕ್ಕ ಬರೆಯುವವನು. ನಮ್ಮದು ಮೂವತ್ತು ಮನೆಯ ಸಭೆ. ಭಾನುವಾರ ಆರಾಧನೆ, ಶುಕ್ರವಾರ ಉಪವಾಸ ಪ್ರಾರ್ಥನೆ, ದಿನಾ ಸಂಜೆ ಮಕ್ಕಳಿಗೆ ಪಾಠ. ಇಷ್ಟೂ ನಡೆಯುತ್ತಿದ್ದದ್ದು ಕಲ್ಲು ಮಣ್ಣಿನ ಗೋಡೆಯ, ಮೇಲೆ ಮಣ್ಣು ಹಾಸಿದ ಚಾವಣಿಯ ಒಂದು ಮಾಳಿಗೆ ಮನೆಯಲ್ಲಿ. ಆ ಮನೆ ಈಗ ನಿಲ್ಲುವ ಸ್ಥಿತಿಯಲ್ಲಿಲ್ಲ. ಅದನ್ನು ಮತ್ತೆ ಕಟ್ಟಲು ನಿಮ್ಮ ಸಹಾಯ ಕೇಳುತ್ತಿದ್ದೇನೆ. ಕೇಳುವ ಮುಂಚೆ ಈ ಸಭೆ ಹೇಗೆ ಹುಟ್ಟಿತು ಅಂತ ಹೇಳಬೇಕು ಅಲ್ವಾ?

ನಮ್ಮ ಹತ್ತಿರ ಒಂದು ಹಳೇ ಲೆಕ್ಕದ ಪುಸ್ತಕ ಇದೆ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಮೊದಲ ಕೆಲವು ಹಾಳೆ ಗೆದ್ದಲು ತಿಂದಿದೆ, ಹಾಗಾಗಿ ಶುರುವಾದ ವರ್ಷ ಅದರಲ್ಲಿ ಉಳಿದಿಲ್ಲ. ಆದರೆ ಉಳಿದ ಹಾಳೆಗಳಲ್ಲಿ ಮೊದಲು ಬರುವುದು ಆಣೆ ಲೆಕ್ಕ. 'ಕಾಣಿಕೆ ಆರಾಣೆ. ರಾಗಿ ಎರಡು ಸೇರು. ತೆಂಗಿನಕಾಯಿ ಒಂದು.' ಹೀಗೆ ಮುಂದೆ ಹೋದರೆ ಒಂದು ಕಡೆ ಆಣೆ ನಿಂತು ನಯಾಪೈಸೆ ಶುರುವಾಗುತ್ತದೆ. ನಯಾಪೈಸೆ ಬಂದದ್ದು 1957ರಲ್ಲಿ. ಅಂದರೆ ಅದಕ್ಕೂ ಎಷ್ಟೋ ಮುಂಚೆಯೇ ನಮ್ಮ ಊರಲ್ಲಿ ಜನ ಕೂತು ಪ್ರಾರ್ಥನೆ ಮಾಡುತ್ತಿದ್ದರು.

ಪುಸ್ತಕದಲ್ಲಿ ಇಲ್ಲದ್ದನ್ನು ನಮ್ಮ ಸಭೆಯ ಹಿರಿಯ ಅಜ್ಜಿ ಹೇಳುತ್ತಾರೆ. ಅವರಿಗೆ ಎಂಬತ್ತು ದಾಟಿದೆ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು, ಕನ್ನಡ ಕಲಿತು ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು, 1831ರ ಹೊತ್ತಿಗೆ ಪೂರ್ತಿ ಸತ್ಯವೇದ ಕನ್ನಡದಲ್ಲಿ ಓದಲು ಸಿಕ್ಕಿತು. ಇದೆಲ್ಲ ನಾವು ಓದಿ ತಿಳಿದದ್ದು. ಅಜ್ಜಿ ಹೇಳುವ ಪ್ರಕಾರ ನಮ್ಮ ಹಳ್ಳಿಗೆ ಮಾತ್ರ ಯಾವ ದೊರೆಯೂ ಬರಲಿಲ್ಲ. ಬಂದವರು ಸೈಕಲ್ಲಿನ ಹಿಂದೆ ಪುಸ್ತಕದ ಗಂಟು ಕಟ್ಟಿಕೊಂಡಿದ್ದ ಒಬ್ಬ ಬೋಧಕರು, ನಮ್ಮ ಸೀಮೆಯವರೇ. ಅಜ್ಜಿಯ ಅಪ್ಪ ಅವರಿಂದ ಒಂದಾಣೆಗೆ ಲೂಕನ ಸುವಾರ್ತೆಯ ಸಣ್ಣ ಪುಸ್ತಕ ಕೊಂಡರಂತೆ. ಮನೆಯಲ್ಲಿ ಓದು ಬರುವವರು ಒಬ್ಬರೂ ಇರಲಿಲ್ಲ. ಪಕ್ಕದ ಮನೆಯ ಶಾಲೆ ಹುಡುಗನನ್ನು ಕರೆದು, ಬುಡ್ಡಿ ದೀಪದ ಮುಂದೆ ಕೂರಿಸಿ ಓದಿಸುತ್ತಿದ್ದರು. ಒಂದು ಸಂಜೆ ಓದಿದರೆ ಒಂದು ಹಿಡಿ ಹುರಿದ ಕಡ್ಲೆಕಾಯಿ. ಕೇಳಲು ಅಕ್ಕಪಕ್ಕದವರೂ ಬಂದು ಕೂತರು. ನಮ್ಮ ಸಭೆ ಶುರುವಾದದ್ದು ಹಾಗೆ. ಆ ಹುಡುಗನ ಮನೆಯವರು ಇವತ್ತಿಗೂ ತಮ್ಮ ದೇವರಿಗೇ ನಡೆದುಕೊಳ್ಳುತ್ತಾರೆ, ನಮ್ಮ ಸುಗ್ಗಿ ಹಬ್ಬಕ್ಕೆ ಮೊದಲ ಕುಂಬಳಕಾಯಿ ಮಾತ್ರ ಅವರ ಹೊಲದಿಂದಲೇ ಬರುತ್ತದೆ.

ಮಾಳಿಗೆ ಕಟ್ಟಿದ್ದು ಹಿಡಿ ರಾಗಿಯಿಂದ. ಹೆಂಗಸರು ಹಿಟ್ಟು ಮಾಡಿಸಲು ರಾಗಿ ತೆಗೆದಾಗಲೆಲ್ಲ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುತ್ತಿದ್ದರು. ಭಾನುವಾರ ಅದನ್ನು ತಂದು ಒಂದೇ ಚೀಲಕ್ಕೆ ಸುರಿಯುತ್ತಿದ್ದರು. ಪುಸ್ತಕದಲ್ಲಿ 'ಹಿಡಿ ರಾಗಿ ಮಾರಿದ್ದು, ತೊಲೆಗೆ' ಅಂತ ಹಾಳೆ ಹಾಳೆಗೂ ಬರೆದಿದೆ. ಒಂದು ಬರಗಾಲದ ವರ್ಷದ ಹಾಳೆಯಲ್ಲಿ ಎಷ್ಟೋ ವಾರ ಒಂದೇ ಸಾಲು: 'ಕಾಣಿಕೆ ಇಲ್ಲ. ಆರಾಧನೆ ಆಯಿತು.' ಆ ಸಾಲು ಬರೆದವರು ನನ್ನ ತಾತ. ಅವರ ಕೈಬರಹ ನೋಡಿದಾಗ ನನಗೆ ಮಾತು ಬರುವುದಿಲ್ಲ.

ಹಣ ಕೂಡಿದ್ದು ಜಾಸ್ತಿ ಸುಗ್ಗಿ ಹಬ್ಬದಲ್ಲಿ. ಕಡ್ಲೆಕಾಯಿ, ಈರುಳ್ಳಿ, ಕೋಳಿ, ತೆಂಗಿನಕಾಯಿ, ಏನು ಬೆಳೆದರೆ ಅದನ್ನು ತಂದಿಟ್ಟು ಹರಾಜು ಹಾಕುತ್ತೇವೆ. ಒಂದು ಸಲ ಒಬ್ಬ ವಿಧವೆ ತಾಯಿ ಒಂದೇ ಒಂದು ಕೋಳಿಮೊಟ್ಟೆ ತಂದಿದ್ದರು. ಹರಾಜಿನಲ್ಲಿ ಕೂಗಿದವರು ಹಣ ಕೊಟ್ಟು, ಮೊಟ್ಟೆಯನ್ನು ವಾಪಸ್ ಮೇಜಿನ ಮೇಲೇ ಇಟ್ಟರು. ಇನ್ನೊಬ್ಬರು ಕೂಗಿದರು, ಅವರೂ ಇಟ್ಟರು. ಹೀಗೆ ಏಳು ಸಲ. ಕೊನೆಗೆ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಆ ಮೊಟ್ಟೆಯನ್ನು ಆ ತಾಯಿಯ ಮಗುವಿನ ಕೈಗೇ ಕೊಟ್ಟರು. ಅವತ್ತಿನ ದುಡ್ಡಿನಲ್ಲಿ ಬಾಗಿಲಿಗೆ ಚಿಲಕ ಬಂತು. ಅದೇ ಚಿಲಕ ಇವತ್ತಿಗೂ ಇದೆ.

ಮಾಳಿಗೆ ಮನೆಯ ಕಷ್ಟ ನಮ್ಮ ಕಡೆಯವರಿಗೆ ಗೊತ್ತು. ಪ್ರತಿ ವರ್ಷ ಮಳೆಗೆ ಮುಂಚೆ ಮೇಲೆ ಕರಲು ಮಣ್ಣು ಹಾಕಬೇಕು, ಹುಲ್ಲು ಕೀಳಬೇಕು, ಮಳೆನೀರು ಹೊರಗೆ ಹೋಗುವ ದೋಣಿ ಸರಿ ಮಾಡಬೇಕು. ಮಳೆ ಕಮ್ಮಿ ಇರುವ ಸೀಮೆ ಅಂತ ಇಷ್ಟು ವರ್ಷ ನಡೆಯಿತು. 2022ರಲ್ಲಿ ನಡೆಯಲಿಲ್ಲ. ಆ ವರ್ಷ ವೇದಾವತಿ ನದಿಯ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ತುಂಬಿ ಕೋಡಿ ಬಿತ್ತು. 1933ರ ನಂತರ, ಎಂಬತ್ತೊಂಬತ್ತು ವರ್ಷ ಆದ ಮೇಲೆ. ಅಜ್ಜಿಯ ತಾಯಿ ಹಿಂದಿನ ಕೋಡಿ ಕಣ್ಣಾರೆ ಕಂಡವರಂತೆ. ವೇದಾವತಿ ತುಂಬಿದ್ದು ನೋಡಿ ನಾವೂ ಎಲ್ಲರ ಹಾಗೆ ಖುಷಿಪಟ್ಟೆವು, ಗಾಡಿ ಮಾಡಿಕೊಂಡು ಹೋಗಿ ನೋಡಿ ಬಂದೆವು. ಅದೇ ಮಳೆಗೆ ನಮ್ಮ ಸಭಾಮನೆಯ ಬಡಗಣ ಗೋಡೆ ನೆನೆದು ನೆನೆದು, ಒಂದು ರಾತ್ರಿ ಕುಸಿಯಿತು. ದೇವರ ದಯೆ, ಒಳಗೆ ಯಾರೂ ಇರಲಿಲ್ಲ. ಲೆಕ್ಕದ ಪುಸ್ತಕ ಇಟ್ಟಿದ್ದ ಪೆಟ್ಟಿಗೆ ಮಣ್ಣಿನಡಿ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಊರಿನವರೆಲ್ಲ, ಜಾತಿ ಧರ್ಮ ನೋಡದೆ, ಗುದ್ದಲಿ ಪುಟ್ಟಿ ಹಿಡಿದು ಬಂದರು. ಪುಸ್ತಕ ತೊಯ್ದು ಮುದ್ದೆಯಾಗಿತ್ತು. ನನ್ನ ಹೆಂಡತಿ ಅದರ ಒಂದೊಂದೇ ಹಾಳೆ ಬಿಡಿಸಿ, ನಡುವೆ ಹಳೇ ಪೇಪರ್ ಇಟ್ಟು, ಹನ್ನೆರಡು ದಿನ ನೆರಳಲ್ಲಿ ಒಣಗಿಸಿದಳು. ಶಾಯಿ ಹರಡಿದೆ, ಓದಲು ಬರುತ್ತದೆ.

ಆಮೇಲೆ ಬಿದ್ದ ಕಡೆ ಟಾರ್ಪಾಲು ಕಟ್ಟಿ, ತೊಲೆಗೆ ಊರೆ ಕೊಟ್ಟು ದಿನ ದೂಡಿದೆವು. ನಾವೇ ಕಟ್ಟಿಕೊಳ್ಳೋಣ ಅಂತ ಎರಡು ಸುಗ್ಗಿ ಕಾದೆವು. ಒಂದು ಸಲ ಈರುಳ್ಳಿಗೆ ರೇಟು ಬಿತ್ತು, ಇನ್ನೊಂದು ಸಲ ಕಡ್ಲೆಕಾಯಿ ಕಾಳು ಕಟ್ಟಲಿಲ್ಲ. ಈಗ ಮೇಸ್ತ್ರಿ ನೋಡಿ, ಮಕ್ಕಳನ್ನು ಒಳಗೆ ಕೂರಿಸಲೇಬೇಡಿ ಅಂದಿದ್ದಾರೆ. ಹಾಗಾಗಿ ಆರಾಧನೆ ಬೇವಿನ ಮರದಡಿ. ಸಂಜೆ ಪಾಠ ಪೂರ್ತಿ ನಿಂತಿದೆ. ನನಗೆ ಹೆಚ್ಚು ನೋವಾಗಿರುವುದು ಅದಕ್ಕೆ, ಯಾಕೆಂದರೆ ಊರಿನ ಎಲ್ಲ ಮನೆಯ ಮಕ್ಕಳೂ ಅಲ್ಲಿಗೆ ಬರುತ್ತಿದ್ದರು.

ನಮಗೆ ದೊಡ್ಡ ಕಟ್ಟಡ ಬೇಡ. ಸೈಜುಗಲ್ಲಿನ ಗೋಡೆ, ಕಬ್ಬಿಣದ ತೊಲೆಗಳ ಮೇಲೆ ಶೀಟು, ಸಿಮೆಂಟ್ ನೆಲ, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ, ಪುಸ್ತಕ ಇಡಲು ಗೋಡೆಯಲ್ಲಿ ಒಂದು ಕಬ್ಬಿಣದ ಬೀರು. ಮೇಸ್ತ್ರಿ ಕೊಟ್ಟ ಅಂದಾಜು ಆರು ಲಕ್ಷ ರೂಪಾಯಿ. ಸಭೆಯವರು ಸೇರಿಸಿರುವುದು ಒಂದು ಲಕ್ಷ ಎಂಬತ್ತು ಸಾವಿರ. ಹಳೇ ಕಲ್ಲು, ಗಟ್ಟಿ ಇರುವ ತೊಲೆ ಮತ್ತೆ ಬಳಸುತ್ತೇವೆ. ಕೂಲಿ ಕೆಲಸಕ್ಕೆ ಮನೆಗೊಬ್ಬರು ವಾರಕ್ಕೆ ಎರಡು ದಿನ ಬರುತ್ತೇವೆ. ಜಾಗ ಪಂಚಾಯ್ತಿಯ ಇ-ಸ್ವತ್ತಿನಲ್ಲಿ ಸಭೆಯ ಹೆಸರಿಗೇ ಇದೆ, ಯಾರು ಬೇಕಾದರೂ ನೋಡಬಹುದು.

ಹಣವೇ ಆಗಬೇಕು ಅಂತಿಲ್ಲ. ಒಂದು ಚೀಲ ಸಿಮೆಂಟ್, ಒಂದು ಶೀಟು, ಒಂದು ಲೋಡು ಎಂ ಸ್ಯಾಂಡ್, ಏನಾದರೂ ಆಗುತ್ತದೆ. ಬ್ಯಾಂಕ್ ಖಾತೆ ಸಭೆಯ ಹೆಸರಲ್ಲಿದೆ, ಅಯ್ಯನವರು ಮತ್ತು ಇಬ್ಬರು ಹಿರಿಯರ ಸಹಿ ಇಲ್ಲದೆ ಹಣ ತೆಗೆಯಲು ಆಗುವುದಿಲ್ಲ. ರಸೀದಿ ಇಲ್ಲದೆ ಯಾರ ಕೈಗೂ ದುಡ್ಡು ಕೊಡಬೇಡಿ, ನಮ್ಮವರೇ ಕೇಳಿದರೂ ಕೊಡಬೇಡಿ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ, ಹಾಗಾಗಿ ಬೇರೆ ದೇಶದ ಪ್ರಜೆಗಳು ದಯವಿಟ್ಟು ಹಣ ಕಳಿಸಬೇಡಿ, ನಮಗಾಗಿ ಪ್ರಾರ್ಥನೆ ಮಾಡಿ.

ಕಡ್ಲೆಕಾಯಿ ಕಿತ್ತ ಮೇಲೆ ಪಾಯ ತೆಗೆಯುತ್ತೇವೆ, ಮುಂದಿನ ಮುಂಗಾರಿಗೆ ಮುಂಚೆ ಶೀಟು ಹಾಕಬೇಕು. ನೀವು ಕೊಟ್ಟದ್ದನ್ನು, ಒಂದು ಚೀಲ ಸಿಮೆಂಟ್ ಆದರೂ, ನಿಮ್ಮ ಹೆಸರಿನ ಸಮೇತ ಆ ಕೆಂಪು ರಟ್ಟಿನ ಪುಸ್ತಕದಲ್ಲೇ ಬರೆಯುತ್ತೇನೆ. ಕೊನೆಯಲ್ಲಿ ಹದಿನಾಲ್ಕು ಹಾಳೆ ಇನ್ನೂ ಖಾಲಿ ಇವೆ.

ನಿಮ್ಮ ಸಹೋದರ,
ಸಭೆಯ ಲೆಕ್ಕ ಬರೆಯುವವನು