ಒಂದು ‘ರೂ’, ಒಂದು ‘ರು’

ಬ್ರಿಟನ್ನಿನ ನಮ್ಮ ಕನ್ನಡ ಸಂಘದ ಪತ್ರಿಕೆಯ ಪುಟ ಕಟ್ಟುವವರು ಭಾನುವಾರ ರಾತ್ರಿಯೊಳಗೆ ಸಂಪಾದಕೀಯ ಬೇಕೆಂದು ಕಾದು ಕೂತಿದ್ದಾರೆ. ಚಳಿಗಾಲಕ್ಕೆಂದು ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವ ಭಾನುವಾರವೂ ಇದೇ ಆದ್ದರಿಂದ ಒಂದು ಗಂಟೆ ಲಾಭ ಸಿಕ್ಕಿದೆ. ಅದೂ ಇಲ್ಲೇ ಖರ್ಚಾಗುತ್ತಿದೆ. ರಾಜ್ಯೋತ್ಸವದ ಹಾರೈಕೆ, ದೀಪಾವಳಿ ಊಟಕ್ಕೆ ದುಡಿದವರಿಗೆ ವಂದನೆ, ಇವೆಲ್ಲ ಹಿಂದಿನ ಪುಟದಲ್ಲಿವೆ. ಈ ಜಾಗವನ್ನು ಕಳೆದ ವಾರದ ತಾಲೀಮಿನಲ್ಲಿ ಬಿದ್ದ ಒಂದು ಮಾತಿಗೆ ಕೊಟ್ಟಿದ್ದೇವೆ.

ಮಕ್ಕಳ ನಾಟಕದಲ್ಲಿ ಮಹಿಷಾಸುರನ ಪಾರ್ಟು ಮಾಡುವ ಹುಡುಗನನ್ನು ನೋಡಿ ಹಿರಿಯರೊಬ್ಬರು, “ಇವನಿಗೆ ಬಿಡಿ, ಮೇಕಪ್ಪೇ ಬೇಡ” ಅಂದರು. ನಾಲ್ಕು ಜನ ನಕ್ಕರು. ಹುಡುಗನೂ ನಕ್ಕ. ಮನೆಗೆ ಹೋಗುವಾಗ ಕಾರಿನಲ್ಲಿ ಕೇಳಿದನಂತೆ: “ಅಮ್ಮ, ನಂಗೊಬ್ಬನಿಗೇ ಯಾಕೆ ಮೇಕಪ್ ಬೇಡ?”

ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ನಡೆದದ್ದು ಎಲ್ಲರಿಗೂ ಗೊತ್ತು. ಇದು ರೇಸಿಸಂ ಎಂದು ಕೆಲವರು. ಬಾಯಿತಪ್ಪಿ ಬಂದ ಮಾತು, ನಮ್ಮನಮ್ಮೊಳಗೆ ಎಂಥ ರೇಸಿಸಂ, ಊರಲ್ಲಿ ಎಲ್ಲರೂ ಅನ್ನುವುದೇ ಅಲ್ಲವೇ ಎಂದು ಉಳಿದವರು. ಜಗಳ ಬಿಗಿಯಾಗುವುದಕ್ಕೆ ಭಾಷೆಯದೂ ಒಂದು ಪಾಲಿದೆ. ಕನ್ನಡದಲ್ಲಿ ‘ವರ್ಣಭೇದ’ ಎಂದ ಕೂಡಲೇ ದಕ್ಷಿಣ ಆಫ್ರಿಕ, ಮಂಡೇಲರ ಸೆರೆವಾಸ ಕಣ್ಣಮುಂದೆ ಬರುತ್ತವೆ. ತಾಲೀಮಿನ ಒಂದು ನಗೆಗೆ ಆ ಮಾತು ಹೇರಿದರೆ ಕೊಡೆಗಳ್ಳನಿಗೆ ಕೊಲೆ ಆರೋಪ ಹೊರಿಸಿದಂತೆ ಅನಿಸುತ್ತದೆ. ಅದಕ್ಕೇ ನಿಧಾನವಾಗಿ ನೋಡೋಣ.

ಬಣ್ಣವನ್ನು ಹೆಸರಿಸಿದ್ದೇ ತಪ್ಪು ಎನ್ನಲಾಗುವುದಿಲ್ಲ. ನಮ್ಮಲ್ಲಿ ಕರಿಯಪ್ಪ, ಕರಿಯಮ್ಮ, ಕರಿಬಸಪ್ಪ, ಕೆಂಚಪ್ಪ, ಕೆಂಪಮ್ಮ ಎಲ್ಲರೂ ಇದ್ದಾರೆ. ಕೆಲವರು ಗುಡಿಯೊಳಗೇ ಇದ್ದಾರೆ. ಕಾಣೆಯಾದವರ ಪ್ರಕಟಣೆಯಲ್ಲಿ ಪೊಲೀಸರು “ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಸಾಧಾರಣ ಮೈಕಟ್ಟು” ಎಂದು ಬರೆಸುತ್ತಾರೆ. ಅದು ಬರೀ ಗುರುತು. “ಹುಡುಗಿ ಕಪ್ಪಗಿದ್ದಾಳೆ” ಎಂಬುದೂ ಗುರುತಾಗಿಯೇ ಉಳಿಯಬಹುದಿತ್ತು. ಆದರೆ ನಾವು ಅಲ್ಲಿಗೆ ನಿಲ್ಲಿಸುವುದು ಕಡಿಮೆ. “ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ” ಎನ್ನುತ್ತೇವೆ, ಅದೂ ಹೊಗಳಿಕೆಯೆಂದು. ಇಡೀ ಲೆಕ್ಕಾಚಾರ ಆ ಒಂದು ‘ರೂ’ದಲ್ಲಿ ಅಡಗಿದೆ: ಕಪ್ಪು ಒಂದು ಕೊರತೆ, ಲಕ್ಷಣ ಅದನ್ನು ಹೇಗೋ ತುಂಬಿಕೊಟ್ಟಿದೆ. “ಬೆಳ್ಳಗಿದ್ರೂ ಲಕ್ಷಣ” ಎಂದು ಯಾರಾದರೂ ಅಂದದ್ದುಂಟೆ?

ಕೂಸು ಕಣ್ಣು ಬಿಡುವ ಮೊದಲೇ ಈ ‘ರೂ’ ಶುರುವಾಗುತ್ತದೆ. ಬಸುರಿಗೆ ಕೇಸರಿ ಹಾಲು, ಹೆರಿಗೆಯಾದ ಮೇಲೆ ಕೂಸಿನ ಕಿವಿಯಂಚು ನೋಡಿ ಬಣ್ಣದ ಭವಿಷ್ಯ. (ಕೇಸರಿಯಿಂದ ಹಾಲಿನ ಬಣ್ಣ ಬದಲಾಗುತ್ತದೆ, ಕೂಸಿನದಲ್ಲ. ಹುಟ್ಟಿದಾಗ ಚರ್ಮದಲ್ಲಿ ಮೆಲನಿನ್ ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ, ನಿಜ ಬಣ್ಣ ನಿಲ್ಲಲು ಕೆಲವು ತಿಂಗಳು ಬೇಕು.) ಆಮೇಲೆ ಬಿಸಿಲಿಗೆ ಹೋಗಬೇಡ, ಕಡಲೆಹಿಟ್ಟು ಹಚ್ಚು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತು. ಅದೇ ವರ್ಷ ಶಾದಿ ಡಾಟ್ ಕಾಮ್‌ನವರು ಮೈಬಣ್ಣ ಆರಿಸುವ ಸೌಲಭ್ಯವನ್ನು ತೆಗೆದುಹಾಕಿದರು. ನಮ್ಮ ಪತ್ರಿಕೆಯ ವಧು-ವರ ಅಂಕಣಕ್ಕೆ ಮಾತ್ರ ‘ಗೌರವರ್ಣದ’ ಎಂಬ ಪದ ಇನ್ನೂ ಬರುತ್ತಲೇ ಇದೆ, ನಾವು ಹೊಡೆದುಹಾಕುತ್ತಲೇ ಇದ್ದೇವೆ. ಎತ್ತರ, ಓದು, ಊರು ಬರೆಯಿರಿ. ಬಣ್ಣ ಫೋಟೋದಲ್ಲಿ ಕಾಣುತ್ತದೆ.

“ನಮ್ಮನಮ್ಮೊಳಗೆ ಎಂಥ ರೇಸಿಸಂ” ಎಂಬ ವಾದಕ್ಕೆ ನಾವಿರುವ ಈ ಬ್ರಿಟನ್ನಿನ ಕಾನೂನು ಒಪ್ಪುವುದಿಲ್ಲ. 2010ರ ಸಮಾನತೆ ಕಾಯ್ದೆಯ 9ನೇ ಕಲಮಿನಲ್ಲಿ ‘ರೇಸ್’ ಎಂದರೆ ಏನೇನು ಎಂದು ಪಟ್ಟಿ ಮಾಡುವಾಗ ಮೊದಲು ಬರುವುದೇ ಬಣ್ಣ. ರಾಷ್ಟ್ರೀಯತೆ, ಮೂಲ ಎಲ್ಲ ಆಮೇಲೆ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲೂ ಜನಾಂಗ, ಬಣ್ಣ ಎರಡೂ ಬೇರೆಬೇರೆಯಾಗಿ ಇವೆ. 1989ರಲ್ಲಿ ಅಲ್ಲಿನ ಜಾರ್ಜಿಯಾದಲ್ಲಿ ಒಂದು ಮೊಕದ್ದಮೆ ನಡೆಯಿತು. ತಿಳಿ ಬಣ್ಣದ ಕಪ್ಪು ಮಹಿಳೆಯೊಬ್ಬರು, ಗಾಢ ಬಣ್ಣದ ಕಪ್ಪು ಮೇಲಧಿಕಾರಿ ತನ್ನ ಬಣ್ಣದ ಕಾರಣಕ್ಕೆ ಭೇದ ಮಾಡಿದರೆಂದು ದೂರಿದ್ದರು. ಇಬ್ಬರದೂ ಒಂದೇ ಜನಾಂಗ ಎಂಬ ಕಾರಣಕ್ಕೆ ನ್ಯಾಯಾಲಯ ಅದನ್ನು ತಳ್ಳಿಹಾಕಲಿಲ್ಲ. ನಮ್ಮ ಭಾರತದ ಸಂವಿಧಾನದ 15ನೇ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವೆ, ಬಣ್ಣ ಇಲ್ಲ. ಮನೆಯಲ್ಲೂ ಪದವಿಲ್ಲ, ಕಾನೂನಿನಲ್ಲೂ ಪದವಿಲ್ಲ ಎಂದಮೇಲೆ ಅದು ತಪ್ಪೆಂದು ಹೊಳೆಯದೇ ಹೋದದ್ದರಲ್ಲಿ ಆಶ್ಚರ್ಯವೇನಿದೆ?

ಇನ್ನು ‘ಬಾಯಿತಪ್ಪಿ’. ಬ್ರಿಟನ್ನಿನ ಅದೇ ಕಾಯ್ದೆಯ 26ನೇ ಕಲಮಿನ ಪ್ರಕಾರ, ಬೇಡದ ನಡವಳಿಕೆಯ ಉದ್ದೇಶ ಅಥವಾ ಪರಿಣಾಮ, ಎರಡರಲ್ಲಿ ಒಂದು ಮನುಷ್ಯನ ಘನತೆಗೆ ಕುಂದು ತಂದರೂ ಅದು ಕಿರುಕುಳ. ಪರಿಣಾಮವನ್ನು ಅಳೆಯುವಾಗ ಮೂರು ವಿಷಯ ನೋಡಬೇಕು: ಅನ್ನಿಸಿಕೊಂಡವರಿಗೆ ಹೇಗನಿಸಿತು, ಸಂದರ್ಭ ಯಾವುದು, ಹಾಗನಿಸುವುದು ನ್ಯಾಯವೇ. ಈ ಕಾಯ್ದೆ ಆಫೀಸಿಗೆ, ಶಾಲೆಗೆ ಬರುತ್ತದೆ. ನಮ್ಮ ಊಟದ ಮೇಜಿಗೆ ಬರುವುದಿಲ್ಲ, ಬರಲೂಬೇಕಿಲ್ಲ. ಆದರೆ ಆ ಮೂರು ಪ್ರಶ್ನೆಗಳನ್ನು ಮೇಜಿಗೆ ತರಲು ಅಡ್ಡಿಯೇನೂ ಇಲ್ಲ. ಕಾರಿನಲ್ಲಿ ಕೂತ ಹುಡುಗ ಮೊದಲನೆಯದಕ್ಕೆ ಉತ್ತರ ಕೊಟ್ಟಾಗಿದೆ.

‘ಪ್ರೀತಿಯಿಂದ’ ಎನ್ನುವವರು ಡ್ಯಾರೆನ್ ಸ್ಯಾಮಿಯನ್ನು ನೆನಪಿಸಿಕೊಳ್ಳಬೇಕು. ವೆಸ್ಟ್ ಇಂಡೀಸಿಗೆ ಎರಡು ಸಲ ಟಿ-20 ವಿಶ್ವಕಪ್ ಗೆದ್ದುಕೊಟ್ಟ ನಾಯಕ. ಹೈದರಾಬಾದ್ ಐಪಿಎಲ್ ತಂಡದಲ್ಲಿದ್ದಾಗ ಜೊತೆಯವರು ಅವರನ್ನು ‘ಕಾಲೂ’ ಎನ್ನುತ್ತಿದ್ದರು. ಬಲವಾದ ಕುದುರೆ ಎಂದೇನೋ ಅರ್ಥವೆಂದು ತಿಳಿದು ಅವರೂ ನಗುತ್ತಿದ್ದರು. ನಿಜವಾದ ಅರ್ಥ ‘ಕರಿಯ’ ಎಂದು ಗೊತ್ತಾಗಿ ಅವರು ಬಾಯಿಬಿಟ್ಟದ್ದು 2020ರಲ್ಲಿ. ಆಡಿದವರಲ್ಲೊಬ್ಬರು ಮಾತಾಡಿ, ಪ್ರೀತಿಯಿಂದ ಅಂದದ್ದು ಎಂದರು. ಸ್ಯಾಮಿ ನಂಬಿದರು, ಮಾತು ಅಲ್ಲಿಗೆ ಮುಗಿಯಿತು. ಹಾಗೆಂದು ಆ ಅಡ್ಡಹೆಸರು ಒಳ್ಳೆಯದೆಂದು ಈಗ ಯಾರೂ ವಾದಿಸುವುದಿಲ್ಲ. ನಮ್ಮ ನಿಲುವೂ ಅಷ್ಟೇ: ತಾಲೀಮಿನ ಆ ಮಾತು ಜನಾಂಗೀಯ ನಿಂದೆಯೇ ಹೌದು. ಆಡಿದವರು ಎಂಥವರು ಎಂದು ತೀರ್ಮಾನಿಸಲು ಒಂದು ಮಾತು ಸಾಲದು.

‘ರೂ’ಗೆ ಒಬ್ಬ ತಮ್ಮನಿದ್ದಾನೆ, ಹ್ರಸ್ವ ‘ರು’. “ಆ ಏರಿಯಾ ಬೇಡ, ಅಲ್ಲಿ ಕರಿಯರು ಜಾಸ್ತಿ.” ಹೊಸದಾಗಿ ಮನೆ ಹುಡುಕುವವರಿಗೆ ನಮ್ಮಲ್ಲಿ ಪುಕ್ಕಟೆಯಾಗಿ ಸಿಗುವ ಮೊದಲ ಸಲಹೆ ಇದು. ಒಬ್ಬೊಬ್ಬರ ಮುಖವನ್ನೂ ಅಳಿಸಿ ಎಲ್ಲರನ್ನೂ ಒಂದು ಗಂಟಾಗಿ ಕಟ್ಟುವ ಬಹುವಚನ. ಅದರ ಕೊನೆ ಎಲ್ಲಿಗೆ ಹೋಗುತ್ತದೆಂದು ಬೆಂಗಳೂರು 2016ರ ಜನವರಿಯ ಕೊನೆಯ ದಿನ ಸೋಲದೇವನಹಳ್ಳಿಯ ಬಳಿ ನೋಡಿದೆ. ಸುಡಾನಿನ ಯುವಕನೊಬ್ಬನ ಕಾರು ಹರಿದು ಮಹಿಳೆಯೊಬ್ಬರು ತೀರಿಕೊಂಡರು. ಗುಂಪು ಥಳಿಸಿದ್ದು ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು. ದೇಶ ಬೇರೆ, ಕಾರು ಬೇರೆ, ಬಣ್ಣ ಮಾತ್ರ ಒಂದೇ. ಇನ್ನು ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಆಫ್ರಿಕ ಮೂಲದ ಸಿದ್ದಿಯರು ತಲೆತಲಾಂತರದಿಂದ ನಮ್ಮ ನಾಡಿನವರು, 2003ರಿಂದ ಪರಿಶಿಷ್ಟ ಪಂಗಡದವರು. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ 2020ರಲ್ಲಿ ನಮ್ಮ ವಿಧಾನ ಪರಿಷತ್ತಿಗೆ ನಾಮಕರಣಗೊಂಡವರು. ಅಂಥ ಕನ್ನಡಿಗರನ್ನೂ “ಯಾವ ದೇಶ?” ಎಂದು ಕೇಳುವವರು ಇದ್ದಾರೆ.

ಈಗ ಮಹಿಷಾಸುರನಿಗೆ ಬರೋಣ. ರಾಕ್ಷಸನಿಗೆ ಮೇಕಪ್ ಬೇಡವೆಂದವರು ಕಟೀಲು ಮೇಳದ ಯಕ್ಷಗಾನ ‘ದೇವಿಮಹಾತ್ಮೆ’ ನೋಡಿರಲಾರರು. ಬಣ್ಣ ಹಚ್ಚುವ ಜಾಗ, ಸಂಜೆಯ ಚೌಕಿ, ನೆನಪಿದೆಯೇ? ಗಣಪತಿಯ ಮುಂದೆ ದೀಪ, ಎರಡು ಬದಿಗೂ ಸಾಲಾಗಿ ಕೂತ ಕಲಾವಿದರು, ಕೈಯಲ್ಲಿ ಕನ್ನಡಿ, ಪಕ್ಕದಲ್ಲಿ ತೆರೆದ ಪೆಟ್ಟಿಗೆ. ಬಿಳಿಯ ಸಫೇತ, ಹಳದಿಯ ಅರದಲ, ಕೆಂಪಿನ ಇಂಗಳೀಕ ಮೂರನ್ನೂ ತೆಂಗಿನೆಣ್ಣೆಯಲ್ಲಿ ಕಲಸಿ ಅಡಿಬಣ್ಣ ಬಳಿದರೆ ಹುಟ್ಟಿನ ಮೈಬಣ್ಣ ಅಲ್ಲಿಗೆ ಮಾಯ. ದೇವೇಂದ್ರನೂ ಒಂದೇ, ದೂತನೂ ಒಂದೇ. ಪುಂಡುವೇಷದವರು, ಅಂದರೆ ತರುಣ ವೀರರ ಪಾತ್ರದವರು, ಹುಬ್ಬು ತೀಡಿ, ಗೆಜ್ಜೆ ಕಟ್ಟಿ ಎದ್ದುಹೋದರೂ ಬಣ್ಣದ ವೇಷದವರು ಅಲ್ಲೇ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು, ಸುಣ್ಣ ಸೇರಿಸಿ, ಕಡ್ಡಿಯ ತುದಿಯಿಂದ ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಬಿಳಿ ಚಿಟ್ಟಿ ಇಡುತ್ತ ಕೂತಿರುತ್ತಾರೆ. ಹಿಟ್ಟು ತೆಳುವಾದರೆ ಇಳಿಯುತ್ತದೆ, ಗಟ್ಟಿಯಾದರೆ ಒಣಗಿ ಉದುರುತ್ತದೆ, ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ. ಒಂದು ಸಾಲು ಒಣಗುವ ತನಕ ನಗುವಂತಿಲ್ಲ, ಎಲೆ ಅಡಿಕೆ ಹಾಕುವಂತಿಲ್ಲ. ಗಂಟೆಗಟ್ಟಲೆ ಈ ತಪಸ್ಸು. ನಡುರಾತ್ರಿ ಕಳೆದ ಮೇಲೆ ರಂಗಸ್ಥಳದಿಂದಲ್ಲ, ಜನರ ನಡುವಿನಿಂದಲೇ ಬರುತ್ತಾನೆ ಕೊಂಬಿನ ಮಹಿಷ. ಮುಂದೆ ದೊಂದಿಗಳು, ರಾಳ ಎರಚಿದಾಗೆಲ್ಲ ಭಗ್ಗೆನ್ನುವ ಬೆಂಕಿ. ಚಾಪೆಯ ಮೇಲೆ ನಿದ್ದೆಹೋಗಿದ್ದ ಮಕ್ಕಳು ಎದ್ದು ಅಮ್ಮನ ಸೆರಗಿನೊಳಗೆ. ರಾಕ್ಷಸನ ವೇಷಕ್ಕೆ ಕರಾವಳಿ ಇಟ್ಟ ಹೆಸರೇ ‘ಬಣ್ಣದ ವೇಷ’.

ನಮ್ಮ ಸಂಘದ ಮೇಕಪ್ ಪೆಟ್ಟಿಗೆಯನ್ನೂ ಈ ನೆಪದಲ್ಲಿ ತೆರೆದು ನೋಡಿದೆವು. ಇಷ್ಟು ವರ್ಷ ಅದರಲ್ಲಿದ್ದದ್ದು ಮುಖಕ್ಕೆ ಬಳಿಯುವ ಒಂದೇ ಶೇಡಿನ ಪ್ಯಾನ್‌ಕೇಕ್, ಅದೂ ತಿಳಿ ಗುಲಾಬಿ. ಹಿರಿಯರು ಬಾಯಲ್ಲಿ ಆಡಿದ್ದನ್ನು ಪೆಟ್ಟಿಗೆ ಮೊದಲಿನಿಂದಲೂ ಹೇಳುತ್ತಿತ್ತು. ತಿಳಿ ಶೇಡುಗಳಲ್ಲಿ ಬಿಳಿಗಾಗಿ ಟೈಟಾನಿಯಂ ಡೈಆಕ್ಸೈಡ್ ಹಾಕಿರುತ್ತಾರೆ. ಕಪ್ಪು ಚರ್ಮದ ಮೇಲೆ ಅದು ಬೂದಿ ಬಡಿದಂತೆ ಕಾಣುತ್ತದೆ, ಕುತ್ತಿಗೆ ಒಂದು ಬಣ್ಣ, ಮುಖ ಇನ್ನೊಂದು. ಈ ಸಲ ಕನಿಷ್ಠ ನಾಲ್ಕು ಶೇಡು ತರಿಸುತ್ತಿದ್ದೇವೆ. ಮುಂಗೈ ಮೇಲೆ ಹಚ್ಚಿ ನೋಡಬೇಡಿ, ದವಡೆಯಂಚಿನಲ್ಲಿ ಹಚ್ಚಿ ಕಿಟಕಿಯ ಬೆಳಕಿನಲ್ಲಿ ನೋಡಿ. ಗೆರೆ ಕಾಣದಿದ್ದರೆ ಅದೇ ಸರಿಯಾದ ಶೇಡು. ಕಿವಿ, ಕುತ್ತಿಗೆ ಮರೆಯಬೇಡಿ. ಮಗುವಿಗೊಂದು ಸ್ಪಂಜು, ಹಂಚಿಕೊಳ್ಳುವಂತಿಲ್ಲ. ಹಿಂದಿನ ದಿನವೇ ಕಿವಿಯ ಹಿಂದೆ ಚೂರು ಹಚ್ಚಿ, ತುರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಊರಿಂದ ತಂದ ಅರದಲ, ಇಂಗಳೀಕ ಮಕ್ಕಳಿಗೆ ಖಂಡಿತ ಬೇಡ: ಒಂದು ಆರ್ಸೆನಿಕ್, ಇನ್ನೊಂದು ಪಾದರಸ. ಚಿಟ್ಟಿಗೆ ನೀರಿನ ಬಿಳಿ ಬಣ್ಣ, ಸಣ್ಣ ಕುಂಚ ಸಾಕು.

ಇಂಥ ಮಾತು ಮತ್ತೆ ಬಿದ್ದರೆ? ಬೀಳುತ್ತದೆ. ಮೊದಲು ಮಗುವಿನ ಹತ್ತಿರ ಹೋಗಿ. “ನೀನೇನು ಕಪ್ಪಗಿಲ್ಲ ಪುಟ್ಟ” ಅನ್ನಬೇಡಿ. ಕಪ್ಪಗಿರುವುದು ಕೆಟ್ಟದ್ದೆಂದು ನೀವೇ ಒಪ್ಪಿದಂತಾಯಿತು. “ಕೃಷ್ಣನೂ ಕಪ್ಪು” ಎಂಬುದೂ ಸಮಾಧಾನದ ಮಿಠಾಯಿಯೇ. “ಅವರು ಹಾಗೆ ಅನ್ನಬಾರದಿತ್ತು” ಅಂದರೆ ಸಾಕು. ಆಮೇಲೆ ಆಡಿದವರನ್ನು ಅದೇ ದಿನ, ಒಬ್ಬರನ್ನೇ, ಪಕ್ಕಕ್ಕೆ ಕರೆದು ಅವರ ಮಾತನ್ನು ಇದ್ದ ಹಾಗೆಯೇ ತಿರುಗಿ ಹೇಳಿ: “ಅಂಕಲ್, ನೀವು ಹೀಗಂದ್ರಿ, ಹುಡುಗ ಹೀಗೆ ಕೇಳಿದ.” ‘ರೇಸಿಸ್ಟ್’ ಎಂದು ಶುರು ಮಾಡಿದರೆ ಮಾತು ಹುಡುಗನನ್ನು ಬಿಟ್ಟು ಅವರ ಮೂವತ್ತು ವರ್ಷದ ಪರದೇಶವಾಸದ ಕಡೆ ಹೊರಳುತ್ತದೆ, ಬಸ್ಸಿನಲ್ಲಿ ಅವರೇ ಅನ್ನಿಸಿಕೊಂಡದ್ದು ಹೊರಗೆ ಬರುತ್ತದೆ, ಅದೂ ಸುಳ್ಳಲ್ಲ, ಹುಡುಗನ ಪ್ರಶ್ನೆ ಮಾತ್ರ ಅಲ್ಲೇ ಉಳಿಯುತ್ತದೆ. ಮೈಕಿನಲ್ಲಿ ಆಡಿದ್ದನ್ನು ಮೈಕಿನಲ್ಲೇ ಹಿಂತೆಗೆದುಕೊಳ್ಳಬೇಕು. ನಿರೂಪಕರು ಈ ಸಲ ಜೋಕುಗಳನ್ನು ಬರೆದು, ಮುಂಚೆ ತೋರಿಸಿ. ತಾಲೀಮಿನ ಹಿರಿಯರು ಹುಡುಗನ ಮನೆಗೆ ತಾವೇ ಫೋನ್ ಮಾಡಿದ್ದಾರೆಂದು ತಿಳಿಯಿತು.

ಜಾಗ ಮುಗಿಯುತ್ತ ಬಂತು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ 3ಕ್ಕೆ, ಎಂದಿನ ಹಾಲ್. ಊಟ ಬಿಸಿಬೇಳೆಬಾತ್, ಮೊಸರನ್ನ, ಶಾವಿಗೆ ಪಾಯಸ. ತಟ್ಟೆ ಲೋಟ ಮನೆಯಿಂದ. ಪಾರ್ಕಿಂಗ್ ಹಿಂಭಾಗದಲ್ಲಿ, ಪಕ್ಕದ ಮನೆಯವರ ಗೇಟಿನ ಮುಂದೆ ನಿಲ್ಲಿಸಬೇಡಿ. ಕನ್ನಡ ತರಗತಿ ಆ ವಾರ ಇಲ್ಲ. ಮೈಕ್ ನೋಡಿಕೊಳ್ಳುವವರು ಊರಿಗೆ ಹೊರಟಿದ್ದಾರೆ, ಬೇರೆಯವರು ಬೇಕು. ಮೇಕಪ್ಪಿಗೆ ಕೈ ಕೂಡಿಸುವವರು ನಾಲ್ಕು ಜನ ಬೇಕು, ಈಗ ಇರುವುದು ಒಬ್ಬರೇ. ಮುಂದಿನ ಸಂಚಿಕೆಗೆ ಸಂಪಾದಕರೂ ಬೇಕು. ಇದು ಮೂರನೇ ಸಲದ ಕೋರಿಕೆ, ತಮಾಷೆಯಲ್ಲ.

ಮೇಕಪ್ ಸರದಿ: ದೇವತೆಗಳು 2ಕ್ಕೆ, ಋಷಿಗಳು 2.15ಕ್ಕೆ (ಗಡ್ಡದ ಅಂಟು ಒಣಗಬೇಕು). ಮಹಿಷಾಸುರನ ಮನೆಯವರು ಮಾತ್ರ 1 ಗಂಟೆಗೇ ಬರಬೇಕು, ಅವನದೇ ಎಲ್ಲಕ್ಕಿಂತ ಹೊತ್ತು ಹಿಡಿಯುವುದು. ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ ತನ್ನಿ. ಈ ಚಳಿಗೆ ಬಾಟಲಿಯಲ್ಲೇ ಕಲ್ಲಾಗಿರುತ್ತದೆ, ಬಂದ ಕೂಡಲೇ ರೇಡಿಯೇಟರ್ ಪಕ್ಕ ಇಡಿ.